ವಾಲ್ವಿಗೆ ಕಟ್ಟಿದ ಕಲ್ಲು

ಮೊನ್ನೆ ರಾಮನಗರದಲ್ಲಿ ಬಸ್ಸಿಳಿದಾಗ ಬೆಂದ ರೇಷ್ಮೆಗೂಡಿನ ವಾಸನೆ ಮೂಗಿಗೆ ಬಡಿಯಿತು. ಊರವರಿಗೆ ಅದು ಅನ್ನ ಕೊಡುವ ವಾಸನೆ. ನನಗೆ ಮಾತ್ರ ಈಗಲೂ ಅಂಗೈ ಬೆವರುತ್ತದೆ, ಪಕ್ಕದ ಮನೆಯ ಮಾವ ನೆನಪಾಗುತ್ತಾರೆ...

ರಕ್ತಸಂಬಂಧವೇನಲ್ಲ, ಬಾಯಿತುಂಬ ಮಾವ ಎನ್ನುತ್ತಿದ್ದೆ, ಅಷ್ಟೆ. ಮನೆಯ ಹಿಂದೆ ಸಣ್ಣದಾಗಿ ನೂಲು ತೆಗೆಸುತ್ತಿದ್ದವರು, ಒಳ್ಳೆಯ ಬೆಲೆ ಸಿಕ್ಕಿದ್ದೇ ತಡ, ಶೆಡ್ಡಿಗೆ ಶೆಡ್ಡು ಸೇರಿಸಿ ಗೂಡು ಬೇಯಿಸಿ ನೂಲು ಬಿಚ್ಚುವ ಬೇಸಿನ್ನುಗಳನ್ನು ಹಾಕಿಸುತ್ತಲೇ ಹೋದರು. ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದರೆ, "ಹಾಸಿಗೇನೇ ಬೆಳೀತಾ ಐತೆ ಕಣಪ್ಪ" ಎಂದು ನಗುತ್ತಿದ್ದರು. ಆದರೆ ಎಳೆ ಪದೇ ಪದೇ ಕಡಿಯುತ್ತಿತ್ತು. ಕೊನೆಯ ಸಾಲಿನ ಬೇಸಿನ್ನುಗಳಲ್ಲಿ ನೀರೇ ಸರಿಯಾಗಿ ಕಾಯುತ್ತಿರಲಿಲ್ಲ. ಆಗಷ್ಟೇ ಡಿಪ್ಲೊಮಾ ಮುಗಿಸಿ ಬೇರೊಂದು ಕಾರ್ಖಾನೆ ಸೇರಿದ್ದ ನನ್ನನ್ನು ಕರೆದರು.

"ಒಸಿ ಬಂದು ನೋಡಪ್ಪ, ಎಲ್ಲಿ ಎಡವ್ತಾ ಇವ್ನಿ ಅಂತ."

ನೋಡಿದೆ. ಎಲ್ಲವೂ ಬೆಳೆದಿತ್ತು, ಬೇಸಿನ್ನುಗಳಿಗೆ ಹಬೆ ಕೊಡುವ ಬಾಯ್ಲರ್ ಮಾತ್ರ ಹಳೆಯದೇ. ಒತ್ತಡ ಮೀರಿದರೆ ತಾನಾಗಿ ತೆರೆದುಕೊಳ್ಳಬೇಕಾದ ವಾಲ್ವಿನ ಹಿಡಿಗೆ ಯಾರೋ ಒಂದು ರುಬ್ಬುಗುಂಡನ್ನು ತಂತಿಯಿಂದ ಬಿಗಿದಿದ್ದರು... ಹಬೆ ಒಂದಿಷ್ಟೂ ಪೋಲಾಗದಿರಲಿ ಎಂದು! ಗೋಡೆಯಾಚೆ ನಮ್ಮ ಬೀದಿಯ ಹೆಂಗಸರೆಲ್ಲ ಹರಟುತ್ತ ಕೆಲಸ ಮಾಡುತ್ತಿದ್ದರು. ನನಗೆ ಜೀವ ಬಾಯಿಗೆ ಬಂತು.

"ಮಾವ, ನಿಲ್ಸಿ. ಇದು ಸಿಡಿದ್ರೆ ಒಬ್ರೂ ಉಳಿಯಲ್ಲ."

ಅವರು ಮೂಲೆಯಲ್ಲಿದ್ದ ಗೂಡಿನ ರಾಶಿಯತ್ತ ನೋಡಿದರು. ತಡಮಾಡಿದರೆ ಚಿಟ್ಟೆ ಗೂಡನ್ನು ಕೊರೆದು ಹೊರಬರುತ್ತದೆ, ಹಾಕಿದ ಬಂಡವಾಳವೆಲ್ಲ ನೀರುಪಾಲು. ಅಷ್ಟರಲ್ಲಿ ಬಾಯ್ಲರಿನ ಹೊಟ್ಟೆಯಲ್ಲಿ ಏನೋ ಗುರುಗುಟ್ಟಿತು. ಮಾವನ ಮುಖ ಬಿಳಿಚಿಕೊಂಡಿತು.

"ಎಲ್ರೂ ಆಚೀಕ್ ನಡೀರಿ! ಎಳೆ ಗಿಳೆ ಎಲ್ಲಾ ಬುಟ್ಬುಡಿ!"

ಹೆಂಗಸರು ಅಂಗಳಕ್ಕೆ ಓಡಿದರು. ನಾನು ಹೋಗಲಿಲ್ಲ. ಧೈರ್ಯವೇನಲ್ಲ, ಕಾಲೇ ಏಳಲಿಲ್ಲ. ಮಾವ ಉರಿಯುವ ಸೌದೆಗಳನ್ನು ಹೊರಗೆಳೆದು, ಟವೆಲ್ಲನ್ನು ಕೈಗೆ ಸುತ್ತಿಕೊಂಡು ತಂತಿಗೆ ಕೈ ಹಾಕಿದರು. ಗುಂಡು ಕೆಳಗೆ ಬಿತ್ತು. ಹಬೆ ಭೋರೆಂದು ನುಗ್ಗಿತು. ಹೊರಗೆ ಹೆಂಗಸರು ಚೀರಿಕೊಂಡರು. ನನ್ನ ಕಥೆ ಮುಗಿಯಿತೆಂದೇ ನಾನು ಕಣ್ಣು ಮುಚ್ಚಿಕೊಂಡೆ.

ಸದ್ದು ಅಡಗಿದ ಮೇಲೆ ಒಂದು ವಿಷಯ ಹೊಳೆಯಿತು. ಅಷ್ಟೊಂದು ಸುತ್ತು ಹಾಕಿದ್ದ ತಂತಿಯನ್ನು ಮಾವ ಎಲ್ಲೂ ತಡಕದೆ ಬಿಚ್ಚಿದ್ದರು. ಕಟ್ಟಿದ ಕೈಗೆ ಮಾತ್ರ ಹಾಗೆ ಬಿಚ್ಚಲು ಬರುತ್ತದೆ.

"ನೀವೇನಾ ಮಾವ?"

"ಹೂಂ ಕಣಪ್ಪ. ಸಿಡೀತದೆ ಅಂತ ದಿನಾ ಭಯ ಇತ್ತು. ಕೆಲ್ಸ ನಿಂತೋಯ್ತದೆ ಅನ್ನೋ ಭಯ ಅದ್ಕಿಂತ ದೊಡ್ಡದಾಗ್ಬುಟ್ಟಿತ್ತು." ಆ ಕ್ಷಣ ಅವರ ಮೇಲೆ ಬಂದಷ್ಟು ಸಿಟ್ಟು ಮತ್ಯಾರ ಮೇಲೂ ಬಂದಿಲ್ಲ. ಅಷ್ಟೇ ಅಯ್ಯೋ ಅನ್ನಿಸಿತು ಕೂಡ...

ಬಾಯ್ಲರ್ ತಾಳುವಷ್ಟೇ ಬೇಸಿನ್ನುಗಳನ್ನು ಉಳಿಸಿಕೊಂಡೆವು. ಮಿಕ್ಕ ಗೂಡನ್ನು ಮಾವ ಸಿಕ್ಕ ಬೆಲೆಗೆ ಬೇರೆಯವರಿಗೆ ಕೊಟ್ಟರು. ಎಳೆ ಕಡಿಯುವುದು ನಿಂತಿತು.

ಮೊನ್ನೆ ನಾನು ಬಸ್ಸಿಳಿದದ್ದು ತೀರಿಕೊಂಡ ಮಾವನ ಶಿವಗಣಾರಾಧನೆಯ ಊಟಕ್ಕೆ. ಅಂದು ಅಂಗಳಕ್ಕೆ ಓಡಿದವರಲ್ಲಿ ಒಬ್ಬ ಅಜ್ಜಿ ನನ್ನ ಕೈ ಹಿಡಿದು, "ನಿಮ್ ಮಾವ ನಮ್ ಜೀವ ಉಳ್ಸಿದ ಪುಣ್ಯಾತ್ಮ ಕಣಪ್ಪ" ಎಂದು ಅತ್ತರು. ಹೌದಜ್ಜಿ ಎಂದೆ. ಸುಳ್ಳೇನೂ ಅಲ್ಲವಲ್ಲ. ಆ ಕಲ್ಲು ಕಟ್ಟಿದವರು ಯಾರೆಂದು ಬಲ್ಲವರು ಇಬ್ಬರೇ ಇದ್ದೆವು. ಈಗ ನಾನೊಬ್ಬನೇ.