ಸೋಫಾ ಮೇಸ್ತ್ರಿ ಕೊಂಡು ತಂದ ರೇಡಿಯೊ

ಸೋಫಾ ಮೇಸ್ತ್ರಿಗೆ ಒಬ್ಬ ಶತ್ರುವಿದ್ದ. ಆ ಮನುಷ್ಯನನ್ನು ಅವನು ಕಣ್ಣಾರೆ ಕಂಡಿರಲಿಲ್ಲ, ಅವನೊಂದಿಗೆ ಒಂದು ಮಾತೂ ಆಡಿರಲಿಲ್ಲ. ಆದರೂ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದು ಹೆಂಡತಿ ರೇಡಿಯೊ ಹಾಕಿದಳೆಂದರೆ ಸಾಕು, ಮೇಸ್ತ್ರಿಯ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಳ್ಳುತ್ತಿತ್ತು.

ಶತ್ರು ಬೆಳಗಿನ ಕಾರ್ಯಕ್ರಮ ನಡೆಸುವವನು. ನಾಲ್ಕು ಹಾಡು ಹಾಕಿ ನಲವತ್ತು ಮಾತಾಡುವ ಜಾತಿ. ಮೇಸ್ತ್ರಿ ಅವನಿಗೆ ಮಾತಿನಮಲ್ಲ ಎಂದು ಹೆಸರಿಟ್ಟಿದ್ದ, ಮನಸ್ಸಿನಲ್ಲೇ. ಬಾಯಿ ಬಿಟ್ಟು ಹೇಳುವುದಕ್ಕೆ ಮೇಸ್ತ್ರಿಯ ಬಾಯಿ ಖಾಲಿ ಇರುತ್ತಿರಲಿಲ್ಲ.

ಅದು ಅವನ ಕಸುಬಿನ ಗುಟ್ಟು. ಹಳೆಯ ಸೋಫಾದ ಹರಿದ ಬಟ್ಟೆ ಕಿತ್ತು ಹೊಸದನ್ನು ಬಿಗಿಯುವಾಗ ಇಬ್ಬರು ಬೇಕು. ಆ ಬದಿಯಲ್ಲಿ ಹೆಂಡತಿ ಬಟ್ಟೆಯನ್ನು ಎಳೆದು ಹಿಡಿಯುತ್ತಾಳೆ, ಈ ಬದಿಯಲ್ಲಿ ಇವನು ಮೊಳೆ ಹೊಡೆಯುತ್ತಾನೆ. ಮೊಳೆಗಳೆಲ್ಲ ಬಾಯೊಳಗೆ. ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಆಯಸ್ಕಾಂತದ ಸುತ್ತಿಗೆಗೆ ಕಚ್ಚಿಸಿ ಟಪ್ ಎಂದು ಹೊಡೆಯುವುದು. ಈಗಿನವರು ಪಿನ್ ಹೊಡೆಯುವ ಗನ್ ಇಟ್ಟುಕೊಂಡಿದ್ದಾರೆ. ಅದು ಕೆಲಸ ಬಾರದವರ ಆಟಿಕೆ ಎಂದು ಮೇಸ್ತ್ರಿಯ ತೀರ್ಮಾನ. ಹಾಗಾಗಿ ಮಧ್ಯಾಹ್ನದ ಊಟದವರೆಗೆ ಗಂಡಹೆಂಡಿರ ನಡುವೆ ನಡೆಯುತ್ತಿದ್ದ ಸಂಭಾಷಣೆ ಎರಡೇ: ಒಂದು ‘ಹೂಂ’ ಎಂದರೆ ಎಳೆ, ಎರಡು ‘ಹೂಂ’ ಎಂದರೆ ಬಿಡು.

ಮಾತಿನಮಲ್ಲನ ಬಾಯಲ್ಲಿ ಮೊಳೆ ಇರಲಿಲ್ಲ ನೋಡಿ. ಅವನು ಬಂದವನೇ, "ಏನ್ ಸಮಾಚಾರ? ರಾತ್ರಿ ಚೆನ್ನಾಗಿ ನಿದ್ದೆ ಬಂತಾ?" ಎಂದು ಕೇಳುತ್ತಿದ್ದ.

ಹೆಂಡತಿ ಸೋಫಾದ ಆ ಬದಿಯಿಂದ, ಎದುರಿಗೇ ಕೂತವನಿಗೆ ಹೇಳುವಂತೆ ಉತ್ತರ ಕೊಡುತ್ತಿದ್ದಳು. "ಎಲ್ಲಿಯ ನಿದ್ದೆ ಮಾರಾಯ. ಬಲಭುಜ ರಾತ್ರಿಯೆಲ್ಲಾ ಸೆಳೀತಾ ಇತ್ತು."

"ಸಂಜೆ ಎಲ್ಲಾದ್ರೂ ಸುತ್ತಾಡೋ ಪ್ಲಾನ್ ಇದೆಯಾ?"

"ನಮ್ಮನ್ನ ಕರ್ಕೊಂಡು ಹೋಗೋರು ಯಾರಿದ್ದಾರಪ್ಪ!" ಎಂದು ನಗುತ್ತಿದ್ದಳು.

ಮೇಸ್ತ್ರಿ ಮೈ ಪರಚಿಕೊಳ್ಳುವುದೊಂದು ಬಾಕಿ. ಭುಜ ನೋಯುವ ವಿಷಯ ತನಗೆ ಹೇಳಿಲ್ಲ. ಕಟ್ಟಿಕೊಂಡ ಗಂಡನಿಗೆ ಹೇಳದ್ದನ್ನು ಪೆಟ್ಟಿಗೆಯೊಳಗಿನ ಪರಪುರುಷನಿಗೆ ಹೇಳುತ್ತಾಳೆ! ಒಂದು ದಿನ ಅವಳಕ್ಕನ ಮೇಲಿನ ಮುನಿಸು ಅವನಿಗೆ ವರದಿಯಾಯಿತು. ಮತ್ತೊಂದು ದಿನ, ಮಗಳ ಮದುವೆಯಾದ ಮೇಲೆ ಮನೆ ಭಣಭಣ ಅನ್ನುತ್ತಿದೆ ಎಂಬುದು ವರದಿಯಾಯಿತು. ಆ ದಿನ ಮೇಸ್ತ್ರಿ ಮೊಳೆಯ ಬದಲು ಹೆಬ್ಬೆರಳಿಗೆ ಹೊಡೆದುಕೊಂಡ. ಆಗಲೂ ಹೆಂಡತಿ ನಗುತ್ತಿದ್ದಳು. ನಕ್ಕಿದ್ದು ಮಾತಿನಮಲ್ಲನ ಜೋಕಿಗೆ, ಇವನ ಬೆರಳಿಗಲ್ಲ. ಇವನಿಗೆ ಅದೇ ಇನ್ನೂ ಹೆಚ್ಚು ಉರಿಯಿತು.

ಹೀಗಿರುವಾಗ ದೇವರು ಕಣ್ಣು ಬಿಟ್ಟ. ಆ ಸ್ಟೇಷನ್ನು ಹಳೆಯ ರೀತಿಯ ಪ್ರಸಾರ ನಿಲ್ಲಿಸಿತು. ಹಲಗೆಯ ಮೇಲಿನ ರೇಡಿಯೊ ಎಷ್ಟು ತಿರುಗಿಸಿದರೂ ಬರೀ ಬುಸ್ ಅನ್ನತೊಡಗಿತು. ಮೇಸ್ತ್ರಿಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಯಿತು. ಆದರೆ ಹೆಂಡತಿ ಬಿಡಬೇಕಲ್ಲ. "ರೀ, ಹೊಸಾದೊಂದು ತನ್ನಿ. ಯಾವುದಾದ್ರೂ ಆಗಲಿ, ಬೆಳಗಿನವನು ಬಂದ್ರೆ ಸಾಕು," ಎಂದಳು.

ರೇಡಿಯೊ ಅಂಗಡಿಯವರು ಕನ್ನಡಕ ಹಣೆಗೇರಿಸಿ ಸಮಾಧಾನವಾಗಿ ವಿವರಿಸಿದರು. "ನೋಡಿ ಮೇಸ್ತ್ರಿ, ಮೂರು ಥರ ಇದೆ. ಇದು ಡಿಜಿಟಲ್. ಒಂದು ಸಲ ಕೊಂಡ್ರೆ ಮುಗೀತು, ನಮ್ಮ ಸ್ಟೇಷನ್ನುಗಳೆಲ್ಲ ಗಾಜಿನ ಹಾಗೆ ಸ್ಪಷ್ಟ. ಸಿಗ್ನಲ್ ಸಿಗದಿದ್ರೆ ಮಾತ್ರ ಗೊರಗೊರ ಅನ್ನೋದೂ ಇಲ್ಲ, ಪೂರ್ತಿ ಮೌನ. ಇನ್ನು ಇದು ಸ್ಯಾಟಲೈಟು. ತಿಂಗಳು ತಿಂಗಳು ಚಂದಾ ಕಟ್ಟಬೇಕು, ಆಕಾಶ ಕಾಣೋ ಕಡೆ ಆಂಟೆನಾ ಇಡಬೇಕು, ಎಲ್ಲೆಲ್ಲಿಯವೋ ನೂರಾರು ಚಾನೆಲ್ಲು. ಮೂರನೇದು ಸ್ಟ್ರೀಮಿಂಗು. ನೆಟ್ ಇದ್ರೆ ಸಾಕು, ಫೋನಲ್ಲೇ ಲೋಕದ ಯಾವ ಸ್ಟೇಷನ್ ಬೇಕಾದ್ರೂ ಬರುತ್ತೆ. ನೆಟ್ ಎಡವಿದ್ರೆ ಹಾಡೂ ಎಡವುತ್ತೆ, ಅಷ್ಟೇ."

ಮೇಸ್ತ್ರಿ ಮಾತಿನಮಲ್ಲನ ಸ್ಟೇಷನ್ನಿನ ಹೆಸರು ಹೇಳಿ, "ಅದು ಯಾವುದರಲ್ಲಿ ಬರಲ್ಲ?" ಎಂದ.

"ಬರಲ್ಲ?"

"ಹೌದು, ಬರಲ್ಲ."

ಅಂಗಡಿಯವರು ಹಣೆಯ ಮೇಲಿನ ಕನ್ನಡಕ ಇಳಿಸಿ ಇವನನ್ನೊಮ್ಮೆ ನೋಡಿದರು. "ಎಲ್ಲರೂ ಬರುತ್ತಾ ಅಂತ ಕೇಳ್ತಾರೆ. ಬರಲ್ವಾ ಅಂತ ಕೇಳಿದವರು ನೀವೇ ಮೊದಲು. ಸ್ಯಾಟಲೈಟಲ್ಲಿ ಬರಲ್ಲ."

ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ಮೇಸ್ತ್ರಿ ಸ್ಯಾಟಲೈಟ್ ರೇಡಿಯೊ ಕಟ್ಟಿಸಿಕೊಂಡು ಬಂದ. ಕಿಟಕಿಯ ಹೊರಗೆ ತಟ್ಟೆಯಷ್ಟಗಲದ ಆಂಟೆನಾವನ್ನು ತಾನೇ ನಿಂತು ಕೂರಿಸಿದ. ಹೆಂಡತಿ ಗುಂಡಿ ಒತ್ತುತ್ತಾ ಹೋದಳು. ಯಾವುದೋ ಬಂದರಿನ ಹವಾಮಾನ ಬಂತು, ಯಾರೋ ಅರ್ಥವಾಗದ ಭಾಷೆಯಲ್ಲಿ ಜಗಳವಾಡಿದರು, ಒಂದು ಚಾನೆಲ್ಲಿನಲ್ಲಿ ಇಡೀ ದಿನ ಪಿಟೀಲು. ಬೆಳಗಿನವನು ಮಾತ್ರ ಇಲ್ಲ.

"ಕಾಲ ಬದಲಾಯ್ತು ಕಣೇ. ಈಗೆಲ್ಲ ಇದೇ," ಎಂದ ಮೇಸ್ತ್ರಿ, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಗಾಂಭೀರ್ಯದಲ್ಲಿ.

ಹೆಂಡತಿ ಪಿಟೀಲು ಹಾಕಿ ಬಟ್ಟೆ ಎಳೆಯಲು ಕೂತಳು. ಮೇಸ್ತ್ರಿಯ ಮೊಳೆಗಳು ಅಂದು ನೇರವಾಗಿ, ಸಾಲಾಗಿ ಇಳಿದವು. ಇಷ್ಟು ಸುಖವಾಗಿ ಅವನು ಕೆಲಸ ಮಾಡಿ ವರ್ಷಗಳಾಗಿದ್ದವು.

ಆ ಸುಖ ಮಗಳು ಬಂದುಹೋಗುವವರೆಗೆ ಇತ್ತು. ತಾಯಿಯ ಮಂಕು ಮೋರೆ ನೋಡಿ ಅವಳು ಕಾರಣ ಕೇಳಿದಳು. "ಅಯ್ಯೋ, ಇದಕ್ಕೇನಮ್ಮಾ ಇಷ್ಟು!" ಎಂದು ತಾಯಿಯ ಫೋನು ಕಸಿದುಕೊಂಡು ಅದರಲ್ಲಿ ಏನೇನೋ ಒತ್ತಿದಳು. ತನ್ನ ಇಯರ್‌ಫೋನು ಬಿಚ್ಚಿ ತಾಯಿಯ ಕಿವಿಗೆ ಸಿಕ್ಕಿಸಿದಳು. ಮೂರನೆಯ ಥರದ ರೇಡಿಯೊ ಹೀಗೆ ಕಾಸು ಖರ್ಚಿಲ್ಲದೆ ಮನೆ ಹೊಕ್ಕಿತು. ಹೆಂಡತಿಯ ಮುಖ ಅರಳಿದ್ದನ್ನು ಮೇಸ್ತ್ರಿ ಬಾಗಿಲಲ್ಲಿ ನಿಂತು ನೋಡಿದ. ಆ ಮುಖ ಅರಳಿಸುವುದು ತನ್ನಿಂದ ಆಗಿ ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟ.

ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟಂತಾಯಿತು ಅವನ ಬಾಳು. ಮೊದಲು ಶತ್ರು ಹಲಗೆಯ ಮೇಲಿದ್ದ, ಅವನು ಹೇಳಿದ್ದು ಇವನಿಗೂ ಕೇಳಿಸುತ್ತಿತ್ತು. ಈಗ ಹೆಂಡತಿಯ ಕಿವಿಯೊಳಗೇ ಸಂಸಾರ ಹೂಡಿದ್ದ. ಅವಳು ಇದ್ದಕ್ಕಿದ್ದಂತೆ ನಗುತ್ತಾಳೆ, ತಲೆ ಅಲ್ಲಾಡಿಸುತ್ತಾಳೆ, ಇವನಿಗೆ ಒಂದಕ್ಷರ ಗೊತ್ತಾಗುವುದಿಲ್ಲ. ಬಾಯಿ ಬಿಟ್ಟು ಉತ್ತರ ಕೊಡುವುದನ್ನು ಅವಳು ಪೂರ್ತಿ ನಿಲ್ಲಿಸಿದ್ದಳು. ಅದು ಇನ್ನೂ ಕೆಟ್ಟದ್ದು. ಬಾಯಲ್ಲಿ ಹೇಳದೆ ಮನಸ್ಸಿನಲ್ಲೇ ಹೇಳಿಕೊಳ್ಳುವಷ್ಟು ಸಲುಗೆ ಬೆಳೆಯಿತೇ?

ಒಂದು ದಿನ ದಂತವೈದ್ಯರೊಬ್ಬರ ಸೋಫಾ ಬಂದಿತ್ತು. ತೆಳು ಬಟ್ಟೆ, ಅಳತೆಗೆ ಸರಿಯಾಗಿ ಕತ್ತರಿಸಿದ್ದು. ಮೂಲೆ ಮಡಚುವ ಹೊತ್ತಿಗೆ ಮೇಸ್ತ್ರಿ ಎರಡು ಸಲ ‘ಹೂಂ’ ಎಂದ. ಕಿವಿ ಮುಚ್ಚಿದವಳಿಗೆ ಅದೆಲ್ಲಿ ಕೇಳಬೇಕು? ಅವಳು ಎಳೆದೇ ಎಳೆದಳು. ಬಟ್ಟೆ ಮೊಳೆಯಿಂದ ಮೊಳೆಗೆ ಪರ್ರನೆ ಹರಿಯಿತು.

ಮೇಸ್ತ್ರಿ ಬಾಯಲ್ಲಿದ್ದುದನ್ನೆಲ್ಲ ಅಂಗೈಗೆ ಉಗಿದು ಎದ್ದು ನಿಂತ. ಹೆಂಡತಿ ಗಾಬರಿಯಿಂದ ಇಯರ್‌ಫೋನು ಕಿತ್ತಳು.

"ಇನ್ನೂ ಕೇಳು! ಅವನ ಜೊತೇಲೇ ಇರು!" ಎಂದು ಕೂಗಾಡಿದ. "ಮೊದಲಾದ್ರೆ ಅವನು ಕೇಳಿದ್ದಕ್ಕೆ ಬಾಯಿಬಿಟ್ಟು ಹೇಳ್ತಿದ್ದೆ. ಈಗ ಅದೂ ಇಲ್ಲ. ಏನು, ಗುಟ್ಟಾಗಿ ಹೇಳ್ಕೊತೀಯಾ? ಏನೇನು ಹೇಳ್ತೀಯ ಅವನಿಗೆ?"

ಹೆಂಡತಿ ಹರಿದ ಬಟ್ಟೆಯ ಎರಡು ತುದಿಗಳನ್ನು ಕೂಡಿಸಿ ನೋಡುತ್ತಿದ್ದಳು. ತಲೆ ಎತ್ತಿದಾಗ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು.

"ಅವನಿಗೆ ಯಾಕ್ರೀ ಹೇಳಲಿ? ರೇಡಿಯೊದವನಿಗೆ ಕೇಳಿಸಲ್ಲ ಅನ್ನೋದು ನಂಗೆ ಗೊತ್ತಿಲ್ವಾ? ನಿಮಗೆ ಕೇಳಿಸಲಿ ಅಂತ ಹೇಳ್ತಿದ್ದೆ."

ಮೇಸ್ತ್ರಿ ಅಂಗೈಯ ಮೊಳೆಗಳನ್ನು ನೋಡಿದ. ಈಗ ಬಾಯಲ್ಲಿ ಮೊಳೆಯ ನೆಪವೂ ಇರಲಿಲ್ಲ. ಅವಳು ಹೇಳಿದ್ದೆಲ್ಲ ಅವನಿಗೆ ನೆನಪಿತ್ತು. ಹೊಟ್ಟೆಕಿಚ್ಚಿನಲ್ಲಿ ಒಂದೊಂದು ಮಾತನ್ನೂ ಜೋಪಾನವಾಗಿ ಕಾಪಿಟ್ಟುಕೊಂಡಿದ್ದ. ಅದರಲ್ಲಿ ಒಂದಕ್ಕೂ ಉತ್ತರ ಕೊಟ್ಟಿರಲಿಲ್ಲ.

ಮೊಳೆಗಳನ್ನೆಲ್ಲ ಡಬ್ಬಿಗೆ ಸುರಿದು ಬಂದು, "ಏನೇ, ಭುಜದ ನೋವು ಈಗ ಹೇಗಿದೆ?" ಎಂದ.

ಹೆಂಡತಿ ಆಗಲೇ ಇಯರ್‌ಫೋನು ಸಿಕ್ಕಿಸಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದಳು. ಯಾವುದಕ್ಕೋ ನಕ್ಕಳು.