ಹೊಲಿಗೆ ಕಾಯುವ ಗಂಡ

ಹೆರಿಗೆ ವಾರ್ಡಿನಲ್ಲಿ ಇಂಥವನೊಬ್ಬ ಇದ್ದೇ ಇರುತ್ತಾನೆ. ಸಿಸೇರಿಯನ್ ಆಗಿರುವುದು ಹೆಂಡತಿಗೆ, ಗೋಡೆ ಹಿಡಿದು ನಿಲ್ಲುವುದು ಇವನು. ಮಗು ಅತ್ತರೆ "ಸಿಸ್ಟರ್, ಹಾಲು ಸಾಲ್ತಿಲ್ವಾ?" ಅಂತ ಓಡುತ್ತಾನೆ, ಸುಮ್ಮನಾದರೆ "ಸಿಸ್ಟರ್, ಯಾಕೆ ಅಳ್ತಿಲ್ಲ?" ಅಂತ ಮತ್ತೆ ಓಡುತ್ತಾನೆ. "ಹಡೆದಿದ್ದು ನನ್ನ ಮಗಳೋ, ಅಳಿಯಂದಿರೋ?" ಅಂತ ಅತ್ತೆ ನಗುತ್ತಾರೆ. ಪುಡಿಹಾಲಿನ ಡಬ್ಬ ತಂದ ಚಿಕ್ಕಮ್ಮನನ್ನು ಬಾಗಿಲಲ್ಲೇ ತಡೆದು, "ಈಗ ಬರೋದು ಒಂದೊಂದೇ ಹನಿ, ಅಷ್ಟೇ ಸಾಕಂತೆ" ಅಂತ ನರ್ಸ್ ಹೇಳಿದ್ದನ್ನೇ ಒಪ್ಪಿಸಿ, ಅವರು ಹೋದಮೇಲೆ "ನಿಜವಾಗ್ಲೂ ಸಾಕಾ ಸಿಸ್ಟರ್?" ಅಂತಾನೆ. ಹೆಂಡತಿ ಮಗ್ಗುಲಾಗಿ ಮಲಗಿ ಹಾಲೂಡಿಸುವಾಗ ಮಾತ್ರ ಇವನ ಓಡಾಟ ನಿಲ್ಲುತ್ತದೆ. ಅವಳ ಹೊಟ್ಟೆಯ ಹೊಲಿಗೆಗೂ ಮಗುವಿನ ಕಾಲಿಗೂ ನಡುವೆ ಅಂಗೈ ಅಡ್ಡ ಇಟ್ಟು, ಒದೆಗಳನ್ನೆಲ್ಲ ತಾನೇ ತಿನ್ನುತ್ತಾನೆ. "ಮಗು ನಿದ್ದೆ ಹೋಯ್ತು, ಇನ್ನಾದ್ರೂ ಕೈ ತೆಗೀರಿ" ಅಂತ ಅವಳಂದರೆ, "ಕನಸಲ್ಲಿ ಒದ್ದರೆ?" ಅಂತಾನೆ.