ಔಷಧಿ ಶೀಷೆಯಲ್ಲಿ ಹರಳು

ಆಗ ನನಗೆ ಮೂವತ್ತು ದಾಟಿತ್ತು. ಐವತ್ತು ವರ್ಷದ ಹಿಂದಿನ ಮಾತು. ಕುರುಗೋಡಿನ ನಮ್ಮ ಮನೆಯಲ್ಲಿ ಅತ್ತೆ ಕೆಮ್ಮಿನ ಔಷಧಿಯನ್ನು ಬಟ್ಟಲಿಗೆ ಬಗ್ಗಿಸಿಕೊಂಡರು. ಔಷಧಿಯ ಜೊತೆ ಟಣ್ ಅಂತ ಒಂದು ಹರಳುಕಲ್ಲು ಬಿತ್ತು. ಶೀಷೆ ಅಲ್ಲಾಡಿಸಿದರೆ ಒಳಗೆ ಇನ್ನೂ ಇದ್ದವು.

"ಏನವ್ವಾ, ಕಲ್ಲು ನುಂಗಿಸಿ ನನ್ನ ಮ್ಯಾಲ ಕಳಸಾಕ ನಿಂತೀಯೇನು?" ಎಂದು ನನ್ನ ಮೇಲೆ ಏರಿ ಬಂದರು. ಆ ಔಷಧಿ ಸಿಹಿ ಇತ್ತು. ನಾನು ಕದ್ದು ಕುಡಿಯುತ್ತೇನೆಂಬ ಗುಮಾನಿ ಅವರಿಗೆ ಮೊದಲಿನಿಂದಲೂ ಇತ್ತು. ಆಸ್ಪತ್ರೆಯವರು ಶೀಷೆಗೆ ಅಂಟಿಸಿದ ಗೆರೆ ಕಾಗದವನ್ನು ದಿನಾ ನೋಡಿ, ಔಷಧಿ ಎಷ್ಟು ಇಳಿದಿದೆ ಎಂದು ಲೆಕ್ಕ ಹಿಡಿಯುತ್ತಿದ್ದರು.

ಬಾಗಿಲ ಹಿಂದೆ ನಿಂತಿದ್ದ ನನ್ನ ಮಗಳು, ಏಳನೇ ಕ್ಲಾಸಿನವಳು, ಬಾಯಿಬಿಟ್ಟಳು. ಸಾಲೆಯಲ್ಲಿ ಕಲ್ಲಿನ ಗಾತ್ರ ಅಳೆಯುವ ಪಾಠ ಇತ್ತಂತೆ, ಅಳತೆಯ ಗಾಜಿನ ಜಾಡಿ ಒಡೆದಿತ್ತಂತೆ. ಗೆರೆ ಇರುವ ಶೀಷೆ ತನ್ನಿ ಎಂದು ಮಾಸ್ತರು ಹೇಳಿದ್ದಕ್ಕೆ ಇವಳು ಔಷಧಿಯನ್ನು ಲೋಟಕ್ಕೆ ಸುರಿದಿಟ್ಟು ಶೀಷೆ ಒಯ್ದಿದ್ದಳು. ತಿರುಗಿ ತುಂಬುವಾಗ ಸ್ವಲ್ಪ ಚೆಲ್ಲಿತಂತೆ.

"ಕಲ್ಲು ಹಾಕಿದ್ರ ನೀರು ಮ್ಯಾಲ ಬರತೈತಿ ಅಂತ ಮಾಸ್ತರು ತೋರಿಸಿದ್ರು. ಗೆರಿ ಇಳಿದ್ರ ನೀ ಅವ್ವಗ ಬೈತಿದ್ದಿ. ಅದಕ್ಕ ಗೆರಿ ಮುಟ್ಟೋಮಟ ಹಾಕಿದೆ, ಅಜ್ಜಿ."

"ಇಷ್ಟು ಶಾಣೇತನ ಕಲಿಸಾಕ ಇವಕ್ಕ ಸಾಲಿ ಬ್ಯಾರೆ," ಎಂದು ಅತ್ತೆ ಗೊಣಗಿ, ಕಲ್ಲನ್ನು ಬೆರಳಲ್ಲಿ ತೆಗೆದು ಎಸೆದು ಔಷಧಿ ಕುಡಿದರು.

ಅವತ್ತಿನಿಂದ ಅವರ ಗುಮಾನಿ ನನ್ನನ್ನು ಬಿಟ್ಟು ಮೊಮ್ಮಗಳ ಕಡೆ ತಿರುಗಿತು, ನನಗೆ ಹಾಯೆನಿಸಿತು. ಮರುದಿನ ಬೆಳಿಗ್ಗೆ ಶೀಷೆ ತೊಳೆದುಕೊಂಡು ಹೋಗಿ ಆಸ್ಪತ್ರೆಯಿಂದ ಹೊಸ ಔಷಧಿ ತಂದೆ. ಅದನ್ನು ಮಗಳ ಕೈಗೆ ಕೊಟ್ಟು, ಇನ್ನು ಅಜ್ಜಿಗೆ ನೀನೇ ಅಳೆದು ಹಾಕು ಎಂದೆ.